ಎದೆಯ ಮೇಲಿನ ಗೆರೆ

ಸತ್ಯ ಹುಡುಕಿಕೊಂಡು ಹೊಳೆದಂಡೆಯ ಆ ಆಶ್ರಮಕ್ಕೆ ಬಂದವರಿಗೆಲ್ಲ ಏನಾದರೊಂದು ಕೆಲಸ ಸಿಗುತ್ತಿತ್ತು. ಒಬ್ಬರಿಗೆ ದನದ ಕೊಟ್ಟಿಗೆ, ಇನ್ನೊಬ್ಬರಿಗೆ ತುಳಸಿ ಪಾತಿ. ವಾರಿಜಾಳಿಗೆ ಪ್ರಿಂಟರ್ ಸಿಕ್ಕಿತು.

ಅವಳು ರಸಾಯನಶಾಸ್ತ್ರದಲ್ಲಿ ಚಿನ್ನದ ಪದಕ ಪಡೆದವಳು. ಕಾಲೇಜಿನಲ್ಲಿ ಹದಿನಾರು ವರ್ಷ ಪಾಠ ಹೇಳಿ, ಹೇಳಿದ್ದು ಯಾರಿಗೂ ಬೇಕಿಲ್ಲ ಎಂದು ಖಚಿತವಾದ ಮೇಲೆ ಇಲ್ಲಿಗೆ ಬಂದಿದ್ದಳು. ನಾಲ್ಕು ವರ್ಷ ಕಳೆದಿತ್ತು. ಸತ್ಯದ ವಿಷಯದಲ್ಲಿ ಹೇಳಿಕೊಳ್ಳುವಂಥ ಪ್ರಗತಿ ಇರಲಿಲ್ಲ. ಪ್ರಿಂಟರ್ ಮಾತ್ರ ಚೆನ್ನಾಗಿ ಗೊತ್ತು ಎಂದುಕೊಂಡಿದ್ದಳು.

ಅದು ಯಾರೋ ಭಕ್ತರು ಕೊಟ್ಟ ಯಂತ್ರ. ಹೊಳೆಯಲ್ಲಿ ಬೂದಿ ಬಿಟ್ಟ ಮನೆಯವರು ಹದಿಮೂರನೇ ದಿನದ ಊಟವನ್ನು ಆಶ್ರಮದ ಹಜಾರದಲ್ಲೇ ಇಟ್ಟುಕೊಳ್ಳುತ್ತಿದ್ದರು. ಮಣೆಯ ಮೇಲೆ ಸತ್ತವರ ಫೋಟೋ ಇಡಬೇಕು. ಹಾರ ಹಾಕಬೇಕು. ಫೋಟೋ ಇರುವುದು ಮೊಬೈಲಿನಲ್ಲಿ, ಮೊಬೈಲಿಗೆ ಹಾರ ಹಾಕಲು ಬರುವುದಿಲ್ಲ. ಆದ್ದರಿಂದ ವಾರಿಜಾ ಬೇಕಾಗುತ್ತಿದ್ದಳು.

ನಾಲ್ಕು ವರ್ಷದಲ್ಲಿ ಅವಳು ಮುನ್ನೂರಕ್ಕೂ ಹೆಚ್ಚು ಸತ್ತವರನ್ನು ಕಾಗದದ ಮೇಲೆ ಇಳಿಸಿದ್ದಳು. ಒಬ್ಬರ ಮುಖವೂ ನೆನಪಿರಲಿಲ್ಲ.

ಈ ಸಲದ ಫೋಟೋ ಅವಳ ತಮ್ಮನದು.

ಪ್ರಭಂಜನನಿಗೆ ನಲವತ್ತೊಂದು ವರ್ಷ. ಬಟ್ಟೆ ಅಂಗಡಿಯೊಂದರ ಗೋಡೌನಿನಲ್ಲಿ ಕೆಲಸ. ಒಂದು ಬೆಳಿಗ್ಗೆ ಬಸ್ಸಿಗೆ ಕಾಯುತ್ತ ನಿಂತಿದ್ದವನು ಕೂತ. ಮತ್ತೆ ಏಳಲಿಲ್ಲ.

ಇವತ್ತಿಗೆ ಹನ್ನೆರಡನೇ ದಿನ. ವಾರಿಜಾ ಊರಿನಿಂದ ಬೆಳಗಿನ ಬಸ್ಸಿಗೆ ಆಶ್ರಮಕ್ಕೆ ಮರಳಿದ್ದಳು. ನಾಳೆ ಎಂಟು ಗಂಟೆಗೆ ಅಮ್ಮ ಬರುವವಳು, ಅವಳ ಹಿಂದೆ ನೆಂಟರು. ಹೊರಡುವಾಗ ಅಮ್ಮ ಒಂದೇ ಮಾತು ಹೇಳಿದ್ದಳು.

"ವಾರೀ, ಊರವರಿಗೆಲ್ಲ ಫೋಟೋ ಮಾಡಿಕೊಡ್ತೀಯಂತಲ್ಲ. ನಿನ್ನ ತಮ್ಮನದೂ ಒಂದು ಮಾಡು. ನೋಡಿದವರಿಗೆ ಇವನೇ ಅನ್ನಿಸಬೇಕು. ಅಷ್ಟು ಸಾಕು ನನಗೆ."

ಅದೇನು ದೊಡ್ಡ ಕೆಲಸವೇ ಎಂದುಕೊಂಡಿದ್ದಳು ವಾರಿಜಾ.

ಕಷ್ಟ ಫೋಟೋ ಹುಡುಕುವಾಗಲೇ ಶುರುವಾಗಿತ್ತು. ಅವನ ಮೊಬೈಲಿನಲ್ಲಿ ಇದ್ದದ್ದೆಲ್ಲ ಬಟ್ಟೆ ಬೇಲುಗಳ ಫೋಟೋ. ಆಧಾರ್ ಕಾರ್ಡಿನಲ್ಲಿ ಒಂದು ಮುಖವಿತ್ತು. ಅದನ್ನು ಕಂಡರೆ ಯಾರೂ ಹಾರ ಹಾಕುವುದಿಲ್ಲ, ಪೊಲೀಸರಿಗೆ ಹೇಳುತ್ತಾರೆ. ಉಳಿದದ್ದು ಮನೆಯ ಗೋಡೆಯ ಮೇಲಿನ ಒಂದು ಕಟ್ಟು ಹಾಕಿದ ಫೋಟೋ. ಇಪ್ಪತ್ತು ವರ್ಷದ ಹಿಂದೆ, ಅವಳ ಘಟಿಕೋತ್ಸವದ ದಿನ ತೆಗೆದದ್ದು. ಮುಂದೆ ಗೌನು ತೊಟ್ಟು ಅವಳು. ಹಿಂದೆ ಒಂದು ಬದಿಗೆ, ಅವಳ ಕೈಚೀಲ ಹಿಡಿದು ಅವನು.

ಅದನ್ನು ಹಾಗೇ ತರುವಂತಿರಲಿಲ್ಲ. ಬದುಕಿರುವವರು ಇರುವ ಫೋಟೋಗೆ ಹಾರ ಹಾಕಬಾರದು. ಇಂಥದ್ದನ್ನೆಲ್ಲ ವಾರಿಜಾ ನಂಬುತ್ತಿರಲಿಲ್ಲ. ಆದರೂ ಮೊಬೈಲಿನಲ್ಲಿ ಅದರ ಫೋಟೋ ತೆಗೆದು, ತನ್ನನ್ನು ಕತ್ತರಿಸಿ, ಅವನನ್ನಷ್ಟೇ ಉಳಿಸಿಕೊಂಡಿದ್ದಳು.

ಪ್ರಿಂಟರಿನ ಮೇಲೆ ಮಡಿಪಂಚೆ ಹೊದಿಸಿತ್ತು.

"ಇದೇನು ಶಾಮಣ್ಣ?"

ಅಡುಗೆಯ ಶಾಮಣ್ಣ ಬಾಗಿಲಲ್ಲೇ ನಿಂತ. "ಸುದ್ದಿ ಬಂದಾಗ ನಿಮ್ಮ ಕೈ ಅದರ ಮೇಲೇ ಇತ್ತಲ್ಲ ವಾರಿಜಮ್ಮಾ. ಸೂತಕದ ಕೈ. ಅದಕ್ಕೇ ಶುದ್ಧಿ ಮಾಡಿ ಮುಚ್ಚಿಟ್ಟೆ."

"ಯಂತ್ರಕ್ಕೂ ಸೂತಕ ಇರುತ್ತಾ?"

"ಮನುಷ್ಯರಿಗೇ ಬಿಟ್ಟಿಲ್ಲ, ಅದ್ಯಾವ ದೊಡ್ಡ ಮನುಷ್ಯ?"

ಅವಳು ವಾದಕ್ಕೆ ಹೋಗಲಿಲ್ಲ. ಪಂಚೆ ತೆಗೆದು ಸ್ವಿಚ್ ಹಾಕಿದಳು. ಫೋಟೋ ಕಾಗದದ ಪೊಟ್ಟಣದಲ್ಲಿ ಆರು ಹಾಳೆ ಉಳಿದಿದ್ದವು. ಕಾಗದ, ಇಂಕು ಏನು ಬೇಕಾದರೂ ಪೇಟೆಗೆ ಹೋಗಬೇಕು, ಪೇಟೆ ಮೂವತ್ತು ಮೈಲಿ. ಒಂದು ಮುಖಕ್ಕೆ ಆರು ಹಾಳೆ ಧಾರಾಳವಾಯಿತು.

ಮೊದಲ ಹಾಳೆ ಹೊರಬಂತು. ಪ್ರಭಂಜನ ಬಿದಿರು ತಡಿಕೆಯ ಹಿಂದೆ ನಿಂತಂತೆ ಇದ್ದ. ಮುಖದ ತುಂಬ ಅಡ್ಡಡ್ಡ ಬಿಳಿ ಪಟ್ಟಿ. ಪಟ್ಟಿಗಳ ನಡುವೆ ಉಳಿದ ಮುಖ ಹಸಿರು.

ಸತ್ತು ಹನ್ನೆರಡು ದಿನವಾದವನ ಮುಖ ಹಸಿರಾಗಿದ್ದರೆ ರಸಾಯನಶಾಸ್ತ್ರದ ಆಕ್ಷೇಪಣೆ ಏನೂ ಇಲ್ಲ ಎಂದು ಅವಳಿಗೆ ಹೊಳೆಯಿತು. ಹೊಳೆದದ್ದಕ್ಕೆ ತನ್ನ ಮೇಲೇ ಅಸಹ್ಯವಾಯಿತು.

ಯಂತ್ರದಲ್ಲಿ ತಲೆ ತೊಳೆಯುವ ಗುಂಡಿ ಇದೆ. ತಲೆ ಎಂದರೆ ಇಂಕು ಚಿಮ್ಮುವ ಭಾಗ, ಕಣ್ಣಿಗೆ ಕಾಣದಷ್ಟು ಸಣ್ಣ ತೂತುಗಳ ಸಾಲು. ಗುಂಡಿ ಒತ್ತಿದರೆ ಯಂತ್ರ ತನ್ನೊಳಗೇ ಇಂಕು ಉಗುಳಿ ಆ ತೂತುಗಳನ್ನು ತೊಳೆದುಕೊಳ್ಳುತ್ತದೆ. ಅವಳು ಮೂರು ಸಲ ಒತ್ತಿದಳು.

ಗುರುಗಳು ಕೋಲೂರಿಕೊಂಡು ಬಂದರು.

ಅವರಿಗೆ ಎಂಬತ್ತು ದಾಟಿತ್ತು. ಕಾವಿ ಉಡುವ ಮೊದಲು ಅಚ್ಚುಕೂಟದಲ್ಲಿ ಅಕ್ಷರದ ಮೊಳೆ ಜೋಡಿಸುತ್ತಿದ್ದರು. ಉಪದೇಶ ಕೇಳಲು ಬಂದವರಿಗೆ ಅವಲಕ್ಕಿ ಕೊಡಿಸುತ್ತಿದ್ದರು. ಬಹಳ ಜನ ಅಷ್ಟಕ್ಕೇ ತೃಪ್ತರಾಗಿ ಹೋಗುತ್ತಿದ್ದರು.

"ಏನು ಸದ್ದು?"

"ತೊಳೀತಿದೀನಿ ಗುರುಗಳೇ. ಮೂರು ಸಲ ಆಯ್ತು."

"ಏನು ಕಟ್ಟಿದೆ?"

"ಗೊತ್ತಿಲ್ಲ. ಯಾವುದೋ ತೂತು."

"ಗೊತ್ತಿಲ್ಲದೇ ಮೂರು ಸಲ ತೊಳೆದೆ."

"ನಾಲ್ಕನೇ ಸಲಕ್ಕೆ ಸರಿಹೋಗಬಹುದು."

"ಹೊಳೆಗೆ ಮುಳುಗೋಕೆ ಬರೋರೂ ಹಾಗೇ ಅಂತಾರೆ," ಎಂದರು ಗುರುಗಳು.

ಅವಳು ಗುಂಡಿಯ ಮೇಲಿದ್ದ ಬೆರಳು ತೆಗೆದಳು.

ಅವರು ಹಸಿರು ಮುಖದ ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದರು. "ಮೂಲ ಎಲ್ಲಿ?"

"ಮೊಬೈಲಿನಲ್ಲಿದೆ."

"ಅದು ನಕಲು. ಮೂಲ?"

"ಮನೇಲಿ, ಗೋಡೆ ಮೇಲಿದೆ. ತಪ್ಪು ಮೂಲದ್ದಲ್ಲ ಗುರುಗಳೇ, ಯಂತ್ರದ್ದು. ನೋಡಿದರೇ ಗೊತ್ತಾಗುತ್ತೆ."

"ನಮ್ಮ ಅಚ್ಚುಕೂಟದಲ್ಲಿ ತಪ್ಪು ಕಂಡರೆ ಮೊದಲು ಮೂಲ ನೋಡ್ತಿದ್ವಿ. ಆಮೇಲೆ ಮೊಳೆ."

"ಇದು ಅಚ್ಚುಕೂಟ ಅಲ್ಲ."

"ಹೌದು. ಅಲ್ಲಿ ಸಂಬಳ ಇತ್ತು."

ಅವರು ಮೂಲೆಯಿಂದ ಒಂದು ಸಾದಾ ಕಾಗದ ತೆಗೆದುಕೊಟ್ಟರು. ಯಂತ್ರಕ್ಕೆ ತನ್ನದೇ ಒಂದು ಪರೀಕ್ಷೆಯ ಗೆರೆಚಿತ್ರ ಬಿಡಿಸಲು ಬರುತ್ತದೆ. ಒಂದೊಂದು ಬಣ್ಣಕ್ಕೆ ಒಂದೊಂದು ಮೆಟ್ಟಿಲ ಸಾಲು. ಯಾವ ಸಾಲು ಮುರಿದಿದೆಯೋ ಆ ಬಣ್ಣದ ತೂತು ಕಟ್ಟಿದೆ ಎಂದರ್ಥ. ವಾರಿಜಾಳಿಗೆ ಇದು ಗೊತ್ತಿತ್ತು. ಬೇರೆಯವರ ಮನೆಯ ಸತ್ತವರಿಗೆ ಅವಳು ಯಾವಾಗಲೂ ಮೊದಲು ಇದನ್ನೇ ಮಾಡುತ್ತಿದ್ದಳು.

ಕೆಂಪಿನ ಸಾಲು ಪೂರ್ತಿ ಕಾಣೆ. ಕಪ್ಪಿನ ಸಾಲಿನಲ್ಲಿ ಅಲ್ಲಲ್ಲಿ ಹಲ್ಲು ಬಿದ್ದಿತ್ತು. ಹನ್ನೊಂದು ದಿನ ಮಡಿಯಲ್ಲಿ ಕೂತ ಇಂಕು ತೂತಿನ ಬಾಯಲ್ಲೇ ಒಣಗಿತ್ತು.

"ಇನ್ನು ಒಂದೇ ಸಲ ತೊಳಿ," ಎಂದರು ಗುರುಗಳು. "ಆಮೇಲೆ ಮುಟ್ಟಬೇಡ. ನೆನೆಯಲಿ."

"ಎಷ್ಟು ಹೊತ್ತು?"

"ಒಣಗೋಕೆ ಹನ್ನೊಂದು ದಿನ ಬಿಟ್ಟಿದ್ದೀರಿ. ನೆನೆಯೋಕೆ ಮಧ್ಯಾಹ್ನದವರೆಗೆ ಬಿಡಿ."

ಅವಳು ಅಡುಗೆಮನೆಯ ಕಟ್ಟೆಯ ಮೇಲೆ ಕೂತಳು. ಶಾಮಣ್ಣ ನಾಳೆಯ ಊಟಕ್ಕೆ ಸೋರೆಕಾಯಿ ಹೆಚ್ಚುತ್ತಿದ್ದ. ಗುರುಗಳು ಗೋಡೆಗೊರಗಿ ಕಾಲು ಚಾಚಿದ್ದರು. ಕಣ್ಣು ಮುಚ್ಚಿತ್ತು. ಧ್ಯಾನವೋ ನಿದ್ದೆಯೋ ಎಂದು ನಾಲ್ಕು ವರ್ಷದಲ್ಲಿ ಯಾರಿಗೂ ಪತ್ತೆಯಾಗಿರಲಿಲ್ಲ.

"ನಿನ್ನ ತಮ್ಮ ಬೈತಲೆ ಯಾವ ಕಡೆ ತೆಗೀತಿದ್ದ?" ಎಂದು ಅವರು ಇದ್ದಕ್ಕಿದ್ದಂತೆ ಕೇಳಿದರು.

"ಯಾಕೆ?"

"ಪ್ರಿಂಟು ಸರಿಯಾಗಿದೆ ಅಂತ ಹೇಳಬೇಕಾದರೆ ಸರಿ ಅಂದರೆ ಏನು ಅಂತ ಗೊತ್ತಿರಬೇಕಲ್ಲ."

ವಾರಿಜಾ ಯೋಚಿಸಿದಳು. "ಎಡಕ್ಕೆ. ಇಲ್ಲ... ಎಡಕ್ಕೇ ಇರಬೇಕು."

"ಬಲಕ್ಕೆ," ಎಂದ ಶಾಮಣ್ಣ, ಸೋರೆಕಾಯಿಯಿಂದ ತಲೆಯೆತ್ತದೆ.

ಇಬ್ಬರೂ ಅವನತ್ತ ನೋಡಿದರು.

"ಹೋದ ವರ್ಷ ಬಂದಿದ್ದರಲ್ಲ ಅವರು. ಬಲಕ್ಕೆ ಬೈತಲೆ. ಮುಂದಿನ ಹಲ್ಲು ಒಂಚೂರು ಮುರಿದಿತ್ತು. ಸಾರು ಎರಡು ಸಲ ಹಾಕಿಸಿಕೊಂಡರು. 'ಅಕ್ಕ ಹೀಗೇನಾ ದಿನಾ ಊಟ ಮಾಡೋದು, ಹಾಗಾದರೆ ಪರವಾಗಿಲ್ಲ' ಅಂದರು."

ಅವನು ಬಂದಿದ್ದು ಹೌದು. ಅದು ಅವಳ ಮೌನದ ವಾರ. ವ್ರತ ಮುರಿಯಬಾರದೆಂದು ಕೈಸನ್ನೆಯಲ್ಲೇ ಊಟಕ್ಕೆ ಕೂರಿಸಿ, ಕೈಸನ್ನೆಯಲ್ಲೇ ಬಸ್ಸಿನ ಹೊತ್ತು ತೋರಿಸಿ ಕಳಿಸಿದ್ದಳು. ಮೌನದಿಂದ ಅವಳಿಗೆ ಏನು ಸಿಕ್ಕಿತೋ ನೆನಪಿಲ್ಲ. ಅವನ ಹಲ್ಲು ಮುರಿದಿತ್ತೆಂದು ಗೊತ್ತಾದದ್ದು ಈಗ.

"ಹಲ್ಲು ಯಾವಾಗ ಮುರೀತು?" ಎಂದು ಶಾಮಣ್ಣ ಕೇಳಿದ.

"ಗೊತ್ತಿಲ್ಲ."

"ಕೇಳಬೇಕಿತ್ತು," ಎಂದು ಅವನು ಇನ್ನೊಂದು ಸೋರೆಕಾಯಿ ಎತ್ತಿಕೊಂಡ.

ಊಟದ ಮೇಲೆ ಪರೀಕ್ಷೆಯ ಗೆರೆಚಿತ್ರ ಮತ್ತೆ ತೆಗೆದಳು. ಮೆಟ್ಟಿಲುಗಳೆಲ್ಲ ತುಂಬಿದ್ದವು. ಎರಡನೇ ಹಾಳೆ ಹಾಕಿದಳು.

ಬಣ್ಣ ಸರಿಯಾಗಿ ಬಂತು. ಆದರೆ ಒಣಗಲಿಲ್ಲ. ಹತ್ತು ನಿಮಿಷ ಬಿಟ್ಟು ಬೆರಳಿಟ್ಟರೆ ಕೆನ್ನೆ ಬೆರಳಿಗೆ ಬಂತು. ಇನ್ನೂ ಹತ್ತು ನಿಮಿಷ ಬಿಟ್ಟಳು. ಗದ್ದ ಇಳಿದು ಕುತ್ತಿಗೆಗೆ ಸೇರಿತು.

ಶಾಮಣ್ಣ ಕೈ ಒರೆಸಿಕೊಳ್ಳುತ್ತ ಬಂದು ನೋಡಿದ. ಪೊಟ್ಟಣದಿಂದ ಒಂದು ಹಾಳೆ ಎಳೆದು, ಬೆರಳು ನಾಲಿಗೆಗೆ ತಾಗಿಸಿ, ಹಾಳೆಯ ಮೂಲೆಯನ್ನು ಆ ಕಡೆ ಈ ಕಡೆ ಮುಟ್ಟಿದ.

"ಒಂದು ಮಗ್ಗುಲು ಅಂಟುತ್ತೆ, ಒಂದು ಮಗ್ಗುಲು ಅಂಟಲ್ಲ. ನೀವು ಅಂಟದೇ ಇರೋ ಕಡೆ ಹಾಕಿದೀರ."

ಹೊಳಪಿಲ್ಲದ ಕಾಗದ, ಎರಡು ಮಗ್ಗುಲೂ ನೋಡಲು ಒಂದೇ. ಇಂಕು ಹೀರುವ ಲೇಪ ಮಾತ್ರ ಒಂದೇ ಕಡೆ. ಲೇಪದಲ್ಲಿ ಏನೇನಿರುತ್ತದೆ ಎಂದು ವಾರಿಜಾ ಒಂದು ಗಂಟೆ ಪಾಠ ಹೇಳಬಲ್ಲಳು.

"ನಾಲಿಗೆ ತಾಗಿಸಿದ್ದು ಎಂಜಲಾಗಲಿಲ್ಲವಾ ಶಾಮಣ್ಣ?"

"ಕಾಗದ ತಾನೇ," ಎಂದು ಅವನು ಹೊರಟ.

ಮೂರನೇ ಹಾಳೆಯಲ್ಲಿ ಬಣ್ಣವಿತ್ತು, ಒಣಗಿತು ಕೂಡ. ಆದರೆ ಮುಖದ ಬಲಭಾಗದಲ್ಲಿ ಮೇಲಿನಿಂದ ಕೆಳಗೆ ಒಂದು ಪಟ್ಟಿ ಜರುಗಿತ್ತು. ಕಿವಿಯ ಅರ್ಧ ಇಲ್ಲಿ, ಅರ್ಧ ಅಲ್ಲಿ. ಯಾರೋ ಗೋಣು ಹಿಡಿದು ಎಳೆದಂತೆ.

ಅವಳ ಕೈ ತೊಳೆಯುವ ಗುಂಡಿಗೆ ಹೋಯಿತು.

"ಕಾಲಿಗೆ ಮುಳ್ಳು ಚುಚ್ಚಿದರೂ ತಲೆಗೇ ಸ್ನಾನವೇ?" ಎಂದರು ಬಾಗಿಲಲ್ಲಿದ್ದ ಗುರುಗಳು. "ಮುಚ್ಚಳ ತೆಗೆದು ನೋಡು."

ಮುಚ್ಚಳ ಎತ್ತಿದಳು. ಇಂಕಿನ ತಲೆ ಓಡಾಡುವ ದಾರಿಯುದ್ದಕ್ಕೂ ಒಂದು ಪಾರದರ್ಶಕ ಪಟ್ಟಿ ಇರುತ್ತದೆ. ತಾನು ಎಲ್ಲಿದ್ದೇನೆ ಎಂದು ತಲೆಗೆ ಗೊತ್ತಾಗುವುದು ಆ ಪಟ್ಟಿಯನ್ನು ಓದಿಕೊಂಡೇ. ಅದರ ಮೇಲೆ ಮೂರು ಹಳದಿ ಹನಿ ಒಣಗಿ ಕೂತಿದ್ದವು.

"ಶಾಮಣ್ಣಾ!"

ಅವನು ಬಂದ.

"ಶುದ್ಧಿ ಮಾಡಿದೆ ಅಂದೆಯಲ್ಲ. ಹೇಗೆ?"

"ಹೇಗೆ ಅಂದರೆ? ಅರಿಶಿನದ ನೀರು, ಮಾವಿನೆಲೆ. ಮುಚ್ಚಳ ತೆಗೆದು ಒಳಗೂ ಪ್ರೋಕ್ಷಣೆ ಮಾಡಿದೆ. ಅರ್ಧಂಬರ್ಧ ಮಾಡೋನಲ್ಲ ನಾನು."

ವಾರಿಜಾ ಗುರುಗಳತ್ತ ತಿರುಗಿದಳು. "ಕೇಳಿದಿರಾ? ನಾನು ದಿನಾ ಹೇಳೋದು ಇದನ್ನೇ. ಈ ಶುದ್ಧಿ, ಈ ಸೂತಕ. ಇದರಿಂದ ಇವತ್ತಿಗೆ ಮೂರು ಹಾಳೆ ಹೋಯ್ತು."

"ಮೂರರಲ್ಲಿ ಒಂದನ್ನ ನೀನು ತಿರುವುಮುರುವು ಹಾಕಿದ್ದೆ," ಎಂದರು ಗುರುಗಳು. "ಒರೆಸು."

ಮೆತ್ತನೆಯ ಬಟ್ಟೆಯನ್ನು ಒದ್ದೆಮಾಡಿ ಹಿಂಡಿ, ಉಸಿರು ಬಿಗಿಹಿಡಿದು ಒರೆಸಿದಳು. ಹಳದಿ ಬಿಟ್ಟಿತು.

ನಾಲ್ಕನೇ ಹಾಳೆಯಲ್ಲಿ ತಮ್ಮ ಬಂದ.

ಕಿವಿ ಕಿವಿಯ ಜಾಗದಲ್ಲಿತ್ತು. ಚರ್ಮಕ್ಕೆ ಚರ್ಮದ ಬಣ್ಣ. ಮುಖ ಮಾತ್ರ ಮಂಜಾಗಿತ್ತು. ಯಂತ್ರ ಅದಕ್ಕೇನೂ ಮಾಡುವಂತಿರಲಿಲ್ಲ, ಅಂದಿನ ಫೋಟೋಗ್ರಾಫರ್ ಕ್ಯಾಮೆರಾ ಹೊಂದಿಸಿದ್ದೇ ಅವಳಿಗೆ. ಗೋಡೆಯ ಮೇಲಿನ ಆ ಫೋಟೋದಲ್ಲಿ ಅವಳ ಪದಕದ ಅಕ್ಷರ ಓದಬಹುದು. ಹಿಂದೆ ನಿಂತವನ ಕಣ್ಣು ಯಾವ ಕಡೆ ನೋಡುತ್ತಿದೆ ಎಂದು ಹೇಳಲಾಗದು.

ಹಿಂದೆ ನಿಲ್ಲು ಎಂದವಳು ಅವಳೇ. "ನೀನು ಹಿಂದೆ ನಿಲ್ಲು, ಪ್ರಭಂಜನ. ಚೀಲ ಹಿಡ್ಕೋ." ಕ್ಯಾಮೆರಾದ ಪಕ್ಕದಲ್ಲಿ ವಿಭಾಗದ ಮುಖ್ಯಸ್ಥರು ನೋಡುತ್ತ ನಿಂತಿದ್ದರು.

ಅವಳು ಹಾಳೆಯನ್ನು ಹತ್ತಿರ ಹಿಡಿದಳು. ಎದೆಯ ಮೇಲೆ, ಜೇಬಿನ ಕೆಳಗೆ, ಈ ಕಡೆಯಿಂದ ಆ ಕಡೆಗೆ ಒಂದು ಗೆರೆ. ತೆಳ್ಳಗೆ, ನೆಟ್ಟಗೆ. ಅಂಗಿಯನ್ನು ಅಡ್ಡಕ್ಕೆ ಕೊಯ್ದಂತಿತ್ತು.

"ಇನ್ನೂ ಒಂದು ತೂತು ಕಟ್ಟಿದೆ," ಎಂದಳು.

ಗುರುಗಳು ಏನೂ ಹೇಳಲಿಲ್ಲ. ಏನೂ ಹೇಳದ್ದನ್ನು ಅವಳು ಒಪ್ಪಿಗೆ ಎಂದುಕೊಂಡು ಎರಡು ಸಲ ತೊಳೆದಳು. ಐದನೇ ಹಾಳೆ ಹಾಕಿದಳು.

ಗೆರೆ ಅಲ್ಲೇ ಇತ್ತು.

ಯಂತ್ರದ ಮುಂಭಾಗದ ಗಾಜಿನ ಹಿಂದೆ ಇಂಕು ತಳ ಕಂಡಿತ್ತು. ಬೆಳಿಗ್ಗೆ ಅರ್ಧದಷ್ಟಿತ್ತು. ತಮ್ಮನ ಮುಖಕ್ಕೆ ಬಳಸಿದ್ದಕ್ಕಿಂತ ಯಂತ್ರ ತನ್ನೊಳಗೇ ಉಗುಳಿಕೊಂಡದ್ದು ಹೆಚ್ಚು.

"ಈ ಒಂದು ಗೆರೆ ಬಿಡ್ತಿಲ್ಲ," ಎಂದಳು.

"ಶಾಮಣ್ಣನ ಫೋಟೋ ತೆಗಿ," ಎಂದರು ಗುರುಗಳು. "ಅದನ್ನ ಪ್ರಿಂಟ್ ಮಾಡು. ಸಾದಾ ಕಾಗದದಲ್ಲಿ, ಸಣ್ಣದಾಗಿ."

"ಶಾಮಣ್ಣನ ಫೋಟೋ ಯಾಕೆ?"

"ಗೆರೆ ಯಂತ್ರದ್ದಾದರೆ ಅವನ ಎದೆ ಮೇಲೂ ಬೀಳಬೇಕು."

ಶಾಮಣ್ಣ ಬನಿಯನ್ನಿನಲ್ಲಿ ನಿಂತು ನಕ್ಕ. ಅವನ ಎದೆಯ ಮೇಲೆ ಜನಿವಾರ ಬಿಟ್ಟರೆ ಬೇರೆ ಗೆರೆ ಬೀಳಲಿಲ್ಲ.

"ಸರಿ," ಎಂದಳು ವಾರಿಜಾ. "ಹಾಗಾದರೆ ಫೋಟೋದಲ್ಲೇ ಇದೆ. ಹಳೇ ಫೋಟೋ, ಕಾಗದ ಮಡಿಸಿದ್ದಿರಬೇಕು."

"ಕಟ್ಟು ಹಾಕಿದೆ ಅಂದೆ. ಕಟ್ಟಿನೊಳಗೆ ಮಡಿಸಿ ಇಟ್ಟಿದ್ದರಾ?"

"ಕಟ್ಟು ಹಾಕೋದಕ್ಕೆ ಮೊದಲು ಮಡಿಸಿರಬಹುದು."

"ನೋಡಿದ್ದೀಯಾ?"

"ಇಪ್ಪತ್ತು ವರ್ಷದಿಂದ ಗೋಡೆ ಮೇಲಿದೆ ಗುರುಗಳೇ."

"ನಾನು ಕೇಳಿದ್ದು ಅದಲ್ಲ."

ಆ ಗೋಡೆಯ ಮುಂದೆ ನಿಂತಾಗಲೆಲ್ಲ ಅವಳು ನೋಡಿದ್ದು ಪದಕವನ್ನು.

ಉತ್ತರದ ಬದಲು ಮೊಬೈಲ್ ಎತ್ತಿಕೊಂಡಳು. ಬೇಡದ್ದನ್ನು ಅಳಿಸುವ ಸೌಕರ್ಯ ಈಗ ಎಲ್ಲ ಮೊಬೈಲಿನಲ್ಲೂ ಇದೆ. ಗೆರೆಯ ಮೇಲೆ ಬೆರಳೆಳೆದಳು. ಅಕ್ಕಪಕ್ಕದ ಬಟ್ಟೆಯ ಬಣ್ಣ ಹರಿದು ಬಂದು ಗೆರೆಯನ್ನು ನುಂಗಿತು. ಅಂಗಿ ಈಗ ಇಸ್ತ್ರಿ ಹಾಕಿದಷ್ಟು ನಯ.

ಉಳಿದಿದ್ದದ್ದು ಕೊನೆಯ ಹಾಳೆ. ಶಾಮಣ್ಣನ ಬುದ್ಧಿಯಂತೆ ನಾಲಿಗೆಗೆ ಬೆರಳು ತಾಗಿಸಿ ಮಗ್ಗುಲು ನೋಡಿ ಹಾಕಿದಳು. ಯಂತ್ರ ನಿಧಾನವಾಗಿ ಎಳೆದುಕೊಂಡಿತು. ಹೊರಗೆ ಬಿಟ್ಟಿತು. ಆಮೇಲೆ ಕೆಂಪು ದೀಪ ಮಿನುಗಿಸಿತು. ಇಂಕು ಮುಗಿದಿತ್ತು.

ಹಾಳೆಯಲ್ಲಿ ಒಂದೂ ಕುಂದಿರಲಿಲ್ಲ.

"ಹೇಗಿದೆ ಗುರುಗಳೇ?"

ಅವರು ಬಹಳ ಹೊತ್ತು ನೋಡಿದರು. "ಅಚ್ಚುಕಟ್ಟಾಗಿದೆ," ಎಂದರು.

ಅವಳು ಹೊಗಳಿಕೆ ಎಂದುಕೊಂಡಳು.

ಬೆಳಿಗ್ಗೆ ಎಂಟರ ಬಸ್ಸಿಗೆ ಅಮ್ಮ ಬಂದಳು. ಸಣ್ಣ ಹೆಂಗಸು, ಕಂಕುಳಲ್ಲಿ ಬಟ್ಟೆಯ ಗಂಟು. ಕಾಲು ತೊಳೆದು ಹಜಾರಕ್ಕೆ ಬಂದವಳು ಯಾರನ್ನೂ ಮಾತಾಡಿಸದೆ ನೇರ ಮಣೆಯ ಮುಂದೆ ಕೂತಳು. ನೆಂಟರು ಬರಲು ಇನ್ನೂ ಹೊತ್ತಿತ್ತು.

ವಾರಿಜಾ ಹಾರ ಹಿಡಿದು ಪಕ್ಕದಲ್ಲಿ ನಿಂತಿದ್ದಳು. ಪರೀಕ್ಷೆಯ ಫಲಿತಾಂಶಕ್ಕೆ ಅವಳು ಹೀಗೆ ಕಾದದ್ದಿಲ್ಲ. ಆಗೆಲ್ಲ ಫಲಿತಾಂಶ ಮೊದಲೇ ಗೊತ್ತಿರುತ್ತಿತ್ತು.

ಅಮ್ಮ ಫೋಟೋ ಕೈಗೆತ್ತಿಕೊಂಡಳು. ಸೆರಗಿನಿಂದ ಒರೆಸಿದಳು. ಒರೆಸಲು ಅದರ ಮೇಲೆ ಏನೂ ಇರಲಿಲ್ಲ. ದೂರ ಹಿಡಿದಳು, ಹತ್ತಿರ ಹಿಡಿದಳು.

"ಇದು ಯಾವ ಅಂಗಿ?"

"ಅದೇ ಅಂಗಿ ಅಮ್ಮ. ಘಟಿಕೋತ್ಸವದ ದಿನದ್ದು. ಗೋಡೆ ಮೇಲಿನ ಫೋಟೋನೇ ಇದು."

"ಅಲ್ಲ. ಆ ಅಂಗಿಗೆ ಇಲ್ಲೊಂದು ಗೆರೆ ಇದೆ."

"ಅದು ಫೋಟೋದ ಮೇಲಿನ ಗೆರೆ. ಹಳೇದಲ್ವಾ, ಮಡಿಸಿಹೋಗಿತ್ತು. ಅಳಿಸಿದೆ."

ಅಮ್ಮ ಮಗಳ ಮುಖ ನೋಡಿದಳು. ಸಿಟ್ಟು ಇರಲಿಲ್ಲ.

"ಫೋಟೋದ್ದಲ್ಲ ವಾರೀ, ಅಂಗೀದು. ಹೊಸ ಅಂಗಿ ಅದು, ಪೊಟ್ಟಣದ ಮಡಿಕೆ. ಅವನು ಗೋಡೌನಿಗೆ ಸೇರಿದ ಮೇಲೆ ತಗೊಂಡ ಮೊದಲನೇ ಅಂಗಿ. ಹಾಕ್ಕೊಂಡು ಹೋಗೋ ಅಂದೆ. 'ಬಸ್ಸಲ್ಲಿ ಮುದುಡಿಹೋಗುತ್ತಮ್ಮ, ಅಲ್ಲಿ ಹೋಗಿ ಹಾಕ್ಕೋತೀನಿ' ಅಂತ ಪೊಟ್ಟಣ ಎದೆಗೆ ಅವಚಿಕೊಂಡು ಹೋದ. ನಿಮ್ಮ ಯೂನಿವರ್ಸಿಟಿ ಗೇಟಿನ ಹತ್ತಿರ ಮರದ ಹಿಂದೆ ನಿಂತು ಹಾಕ್ಕೊಂಡನಂತೆ."

"ನನಗೆ ಹೇಳಲಿಲ್ಲ ಅವನು."

"ನಿನಗೆ ಏನು ಹೇಳ್ತಾನೆ? ನನ್ನ ಹತ್ತಿರ ಹೇಳಿದ. 'ಅಕ್ಕನ ಪಕ್ಕ ನಿಲ್ಲಬೇಕಲ್ಲಮ್ಮ, ಚೆನ್ನಾಗಿ ಕಾಣಬೇಕು' ಅಂತ."

ವಾರಿಜಾ ಹಾರವನ್ನು ಮಣೆಯ ಪಕ್ಕಕ್ಕಿಟ್ಟಳು.

"ಕಟ್ಟು ಹಾಕಿಸಿದ ದಿನ ನಾನೇ ಬೈದಿದ್ದೆ," ಎಂದಳು ಅಮ್ಮ. "ಅಷ್ಟು ದೂರ ಹೋದೋನು ಆ ಮಡಿಕೆ ಕೈಯಲ್ಲಿ ಉಜ್ಜಿಕೊಳ್ಳಬಾರದಿತ್ತಾ ಅಂತ. ಆಮೇಲೆ ದಿನಾ ಒರೆಸ್ತೀನಲ್ಲ, ಒರೆಸಿ ಒರೆಸಿ ಅಭ್ಯಾಸ ಆಗಿಹೋಯ್ತು. ಮುಖ ಹೇಗೂ ಸರಿಯಾಗಿ ಬಿದ್ದಿಲ್ಲ. ಆ ಗೆರೆ ನೋಡಿದರೇ ನನಗೆ 'ಇವನೇ' ಅನ್ನಿಸೋದು."

ಫೋಟೋವನ್ನು ಮಣೆಯ ಮೇಲಿಟ್ಟಳು. "ಇರಲಿ ಬಿಡು. ಚೆನ್ನಾಗೇ ಮಾಡಿದ್ದೀಯ."

ವಾರಿಜಾ ಅಡುಗೆಮನೆಗೆ ಓಡಿದಳು. "ಶಾಮಣ್ಣ, ನಿನ್ನೆ ಬಿಸಾಕಿದ ಹಾಳೆಗಳು. ಗೆರೆ ಇದ್ದ ಎರಡು ಹಾಳೆ. ಎಲ್ಲಿ?"

"ಹಂಡೆ ಒಲೆಗೆ ಹಾಕಿದೆ. ಎಂಥ ಕಾಗದ ವಾರಿಜಮ್ಮಾ ಅದು, ಉರಿಯೋದೇ ಇಲ್ಲ. ಎರಡು ಸಲ ಹೊತ್ತಿಸಬೇಕಾಯ್ತು."

ಅವಳು ಯಂತ್ರದ ಮುಂದೆ ಹೋಗಿ ನಿಂತಳು. ಕೆಂಪು ದೀಪ ಮಿನುಗುತ್ತಿತ್ತು. ಹಾಳೆಯಿಲ್ಲ, ಇಂಕಿಲ್ಲ. ಮೂವತ್ತು ಮೈಲಿ ದೂರದ ಪೇಟೆಯಿಂದ ಎರಡನ್ನೂ ತರುವಷ್ಟರಲ್ಲಿ ಊಟದ ಎಲೆ ಎತ್ತಿರುತ್ತಾರೆ. ಆದರೂ ಗುಂಡಿ ಒತ್ತಿದಳು. ಯಂತ್ರ ಎರಡು ಸಲ ಗೊರಗೊರ ಎಂದು ಸುಮ್ಮನಾಯಿತು.

ಹಜಾರಕ್ಕೆ ಹಿಂದಿರುಗಿದಾಗ ಗುರುಗಳು ಬಂದು ಮಣೆಯ ಮುಂದೆ ಕೂತಿದ್ದರು.

"ಗುರುಗಳೇ," ಎಂದಳು ವಾರಿಜಾ. "ನಿಮಗೆ ಗೊತ್ತಿತ್ತಾ, ಅದು ಅಂಗೀದು ಅಂತ?"

"ನನಗೆ ಹೇಗೆ ಗೊತ್ತಿರುತ್ತೆ? ಅವನು ನಿನ್ನ ತಮ್ಮ."

ಗುರುಗಳು ಫೋಟೋ ಎತ್ತಿಕೊಂಡು ಅಮ್ಮನ ಕಡೆ ತಿರುಗಿದರು. "ಎಲ್ಲಿತ್ತು ತಾಯೀ?"

ಅಮ್ಮ ಬೆರಳಿನಿಂದ ಎಳೆದು ತೋರಿಸಿದಳು. "ಇಲ್ಲಿ. ಜೇಬಿನ ಕೆಳಗೆ. ಈ ಕಡೆಯಿಂದ, ಹೀಗೆ."

ಗುರುಗಳು ಹಾಳೆಯನ್ನು ಮೊಣಕಾಲ ಮೇಲಿಟ್ಟುಕೊಂಡರು. ಆರು ಹಾಳೆಯಲ್ಲಿ ಉಳಿದ ಒಂದೇ ಹಾಳೆ. ಅಂಚಿಗೆ ಅಂಚು ನೋಡಿ, ಅಮ್ಮ ತೋರಿಸಿದ ಜಾಗಕ್ಕೆ ಸರಿಯಾಗಿ, ಅದನ್ನು ಮಡಿಸಿದರು.

ವಾರಿಜಾಳ ಕೈ ತಾನಾಗಿ ಮುಂದೆ ಬಂತು. ಅಷ್ಟರಲ್ಲಿ ಆಗಿಹೋಗಿತ್ತು.

ಅಚ್ಚುಕೂಟದಲ್ಲಿ ಅಚ್ಚಾದ ಹಾಳೆ ಮಡಿಸುವವರ ಹಾಗೆ ಅವರು ಮಡಿಕೆಯ ಉದ್ದಕ್ಕೂ ಹೆಬ್ಬೆರಳ ಉಗುರು ಎಳೆದರು. ಒಮ್ಮೆ ಮಾತ್ರ. ಮತ್ತೆ ಬಿಡಿಸಿದರು. ಲೇಪ ಬಿರುಕುಬಿಟ್ಟು ಎದೆಯ ಮೇಲೆ ಒಂದು ಬಿಳಿ ಗೆರೆ ಎದ್ದಿತ್ತು. ತೆಳ್ಳಗೆ, ನೆಟ್ಟಗೆ.

ಮಣೆಯ ಮೇಲಿಟ್ಟರು.

ಅಮ್ಮ ನೋಡಿದಳು. ಕೈ ಚಾಚಿ ಆ ಗೆರೆಯನ್ನು ಮುಟ್ಟಿದಳು, ಬಟ್ಟೆಯ ಮಡಿಕೆ ಸವರಿ ಸರಿಮಾಡುವವಳ ಹಾಗೆ. ಆಮೇಲೆ ಸೆರಗು ಬಾಯಿಗೆ ಒತ್ತಿಕೊಂಡಳು. ಹನ್ನೆರಡು ದಿನದಲ್ಲಿ ಅವಳು ಅತ್ತದ್ದನ್ನು ವಾರಿಜಾ ನೋಡಿದ್ದು ಇದೇ ಮೊದಲು.

ಹೊರಗೆ ನೆಂಟರ ವ್ಯಾನು ನಿಂತ ಸದ್ದಾಯಿತು. ವಾರಿಜಾ ಹಾರ ಎತ್ತಿದಳು. ಫೋಟೋದ ಮೇಲೆ ಹಿಡಿದಳು.

"ಹಾರ ಒಂಚೂರು ಮೇಲಕ್ಕೆ ಕಟ್ಟು," ಎಂದರು ಗುರುಗಳು. "ಆ ಗೆರೆ ಮುಚ್ಚಬಾರದು."